ಇಮೇಲ್‌ಗೆ ಡಿಜಿಟಲ್ ಸಹಿ: ಓದುವವರಿಗೆ ಹೊರೆಯಾಗದಂತೆ ಸಹಿ ಮಾಡುವ ಕ್ರಮ

ಹತ್ತಾರು ಮಂದಿಗೆ ಒಟ್ಟಿಗೆ ಹೋಗುವ ಇಮೇಲ್ ಒಂದರಲ್ಲಿ ಎರಡೇ ಸಾಲಿನ ಉತ್ತರವಿದ್ದು, ಅದರ ಕೆಳಗೆ ಹತ್ತು ಹದಿನೈದು ಸಾಲಿನಷ್ಟು ಅರ್ಥವಾಗದ ಅಕ್ಷರಗಳ ರಾಶಿ ಬಿದ್ದಿರುವುದನ್ನು ನೀವು ಕಂಡಿರಬಹುದು. ಇಲ್ಲವೇ ತೆರೆದರೂ ಏನೂ ತಿಳಿಯದ ಪುಟ್ಟ ಕಡತವೊಂದು ಯಾರೋ ಒಬ್ಬರ ಪ್ರತಿಯೊಂದು ಇಮೇಲ್‌ಗೂ ಅಂಟಿಕೊಂಡು ಬರುತ್ತಿರಬಹುದು. ಕಳುಹಿಸಿದವರ ಪಾಲಿಗೆ ಅದು ಡಿಜಿಟಲ್ ಸಹಿ. ಪಡೆದವರಲ್ಲಿ ಹೆಚ್ಚಿನವರ ಪಾಲಿಗೆ ಅದು ಕಸ. ಸಹಿಯ ಹಿಂದಿನ ಗಣಿತ ಎಷ್ಟೇ ಗಟ್ಟಿಯಾಗಿರಲಿ, ಅದನ್ನು ಪರಿಶೀಲಿಸಲು ಓದುಗರಿಗೆ ದಾರಿಯೇ ಇಲ್ಲದಿದ್ದರೆ, ಅಥವಾ ಪರಿಶೀಲಿಸಿದಾಗಲೆಲ್ಲ ‘ಸಹಿ ಸರಿಯಿಲ್ಲ’ ಎಂದೇ ಬರುತ್ತಿದ್ದರೆ, ಸಹಿ ಇಲ್ಲದಿರುವುದೇ ಮೇಲು. ಏಕೆಂದರೆ ಕೆಟ್ಟ ಸಹಿಗಳನ್ನು ಮತ್ತೆ ಮತ್ತೆ ಕಂಡವರು ನಿಜವಾದ ಎಚ್ಚರಿಕೆ ಬಂದಾಗಲೂ ಅದನ್ನು ಕಡೆಗಣಿಸುತ್ತಾರೆ. ಆದ್ದರಿಂದ ಸಹಿಯಿಂದ ಹುಟ್ಟುವ ತೊಡಕುಗಳನ್ನು ಸಹಿ ಮಾಡುವವರೇ ಹೊರಬೇಕು, ಓದುವವರ ತಲೆಗೆ ಕಟ್ಟಬಾರದು. ಮುಂದಿನ ಹಂತಗಳೆಲ್ಲ ಈ ಒಂದು ನಿಯಮವನ್ನು ಹಿಡಿದೇ ಹೊರಟಿವೆ.

ಸಹಿ ಎಂದರೆ ಯಾವ ಸಹಿ

ಇಮೇಲ್‌ನ ಮಟ್ಟಿಗೆ ‘ಸಹಿ’ ಎಂಬ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗುತ್ತಿದೆ. ಪತ್ರದ ಕೊನೆಯಲ್ಲಿ ತಾನಾಗಿ ಬಂದು ಕೂರುವ ಹೆಸರು, ಹುದ್ದೆ, ದೂರವಾಣಿ ಸಂಖ್ಯೆಗಳ ಸಾಲುಗಳು ಒಂದು. ಕೈಬರಹದ ಸಹಿಯನ್ನು ಸ್ಕ್ಯಾನ್ ಮಾಡಿ ಅಂಟಿಸಿದ ಚಿತ್ರ ಇನ್ನೊಂದು. ಇವೆರಡನ್ನೂ ಯಾರು ಬೇಕಾದರೂ ನಕಲು ಮಾಡಬಹುದು, ಹಾಗಾಗಿ ಇವು ಏನನ್ನೂ ಸಾಬೀತುಪಡಿಸುವುದಿಲ್ಲ. ಮೂರನೆಯದು ಈ ಲೇಖನದ ವಿಷಯವಾದ ಡಿಜಿಟಲ್ ಸಹಿ.

ಅದರ ಕೆಲಸ ಹೀಗೆ ನಡೆಯುತ್ತದೆ. ಇಮೇಲ್ ತಂತ್ರಾಂಶವು ನಿಮ್ಮ ಪತ್ರದಿಂದ ‘ಹ್ಯಾಶ್’ ಎಂಬ ಒಂದು ಸಣ್ಣ, ನಿಗದಿತ ಉದ್ದದ ಸಾರವನ್ನು ಲೆಕ್ಕ ಹಾಕುತ್ತದೆ. ಪತ್ರದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಬಳಿಕ ಆ ಹ್ಯಾಶ್ ಮತ್ತು ನಿಮ್ಮಲ್ಲಿ ಮಾತ್ರ ಇರುವ ಖಾಸಗಿ ಕೀಲಿಕೈ ಎರಡನ್ನೂ ಬಳಸಿ ಸಹಿಯನ್ನು ತಯಾರಿಸುತ್ತದೆ. ಜೋಡಿಯ ಇನ್ನೊಂದು ಭಾಗವಾದ ಬಹಿರಂಗ ಕೀಲಿಕೈ ಯಾರ ಬಳಿ ಇದೆಯೋ ಅವರೆಲ್ಲರೂ ಆ ಸಹಿಯನ್ನು ಪರಿಶೀಲಿಸಬಹುದು, ಆದರೆ ಅದರಿಂದ ಹೊಸ ಸಹಿ ಮಾಡಲಾರರು. ಗೂಢಲಿಪಿ ತಜ್ಞರಾದ ಡಿಫಿ ಮತ್ತು ಹೆಲ್‌ಮನ್ 1976ರಲ್ಲಿ ಮುಂದಿಟ್ಟ ಈ ಆಲೋಚನೆಗೆ ಮರುವರ್ಷ ಆರ್‌ಎಸ್‌ಎ ವಿಧಾನ ಕಾರ್ಯರೂಪ ಕೊಟ್ಟಿತು. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಹೊರತಂದ ಪಿಜಿಪಿ ತಂತ್ರಾಂಶ ಅದನ್ನು ಸಾಮಾನ್ಯರ ಇಮೇಲ್‌ಗೆ ತಂದಿತು.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಮೊದಲೇ ಬದಿಗಿಡಬೇಕು. ಸಹಿ ಮಾಡುವುದೆಂದರೆ ಪತ್ರವನ್ನು ಗುಟ್ಟಾಗಿಡುವುದಲ್ಲ: ಸಹಿ ಮಾಡಿದ ಪತ್ರವನ್ನು ದಾರಿಯಲ್ಲಿ ಯಾರಾದರೂ ಓದಬಹುದು, ಬದಲಿಸಿದರೆ ಮಾತ್ರ ಸಿಕ್ಕಿಬೀಳುತ್ತಾರೆ. ಎರಡನೆಯದು, ಇಂದು ಬಹುತೇಕ ಮೇಲ್ ಸರ್ವರ್‌ಗಳು ಹೊರಹೋಗುವ ಪತ್ರಗಳಿಗೆ ಡಿಕಿಮ್ ಎಂಬ ಹೆಸರಿನಲ್ಲಿ ತಾವೇ ಒಂದು ಸಹಿ ಹಾಕುತ್ತವೆ. ಆ ಸಹಿ ‘ಈ ಪತ್ರ ಇಂಥ ಡೊಮೈನ್‌ನಿಂದ ಹೊರಟಿದೆ’ ಎಂದು ಹೇಳುತ್ತದೆಯೇ ಹೊರತು ‘ಇಂಥ ವ್ಯಕ್ತಿ ಬರೆದಿದ್ದಾರೆ’ ಎಂದಲ್ಲ. ನಿಮ್ಮ ಪಾಸ್‌ವರ್ಡ್ ಕದ್ದವನು ಕಳುಹಿಸಿದ ಪತ್ರಕ್ಕೂ ಸರ್ವರ್ ಅದೇ ಮುದ್ರೆಯನ್ನು ಒತ್ತುತ್ತದೆ. ಖಾಸಗಿ ಕೀಲಿಕೈಯ ಸಹಿ ಮಾತ್ರ ಆ ಕಳ್ಳನ ಕೈಗೆ ಸಿಗುವುದಿಲ್ಲ, ಕೀಲಿಕೈಯನ್ನು ನೀವು ಸರ್ವರ್‌ನಲ್ಲಿ ಇಟ್ಟಿರದಿದ್ದರೆ.

ಹಂತ 1: ಎರಡು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ

ಇಮೇಲ್ ಸಹಿಗೆ ಪಿಜಿಪಿಯಿಂದ ಬೆಳೆದ ಓಪನ್‌ಪಿಜಿಪಿ ಮತ್ತು ಎಸ್/ಮೈಮ್ ಎಂಬ ಎರಡು ಪದ್ಧತಿಗಳಿದ್ದು, ಒಂದರ ಸಹಿ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ. ಓಪನ್‌ಪಿಜಿಪಿಯಲ್ಲಿ ಕೀಲಿಕೈಯನ್ನು ನೀವೇ ತಯಾರಿಸಿಕೊಳ್ಳುತ್ತೀರಿ, ಯಾರ ಅನುಮತಿಯೂ ಬೇಡ. ಆದರೆ ಅದು ನಿಮ್ಮದೇ ಎಂದು ಇತರರಿಗೆ ಮನದಟ್ಟು ಮಾಡಿಸುವ ಹೊಣೆಯೂ ನಿಮ್ಮದೇ ಆಗುತ್ತದೆ. ಎಸ್/ಮೈಮ್‌ನಲ್ಲಿ ಪ್ರಮಾಣಪತ್ರ ನೀಡುವ ಸಂಸ್ಥೆಯೊಂದು ನಿಮ್ಮ ಇಮೇಲ್ ವಿಳಾಸವನ್ನು ಖಚಿತಪಡಿಸಿಕೊಂಡು ಪ್ರಮಾಣಪತ್ರ ಕೊಡುತ್ತದೆ. ಅದು ಸಾಮಾನ್ಯವಾಗಿ ಪ್ರತಿ ಸಹಿಯ ಜೊತೆಗೇ ಹೋಗುವುದರಿಂದ ಪಡೆದವರು ಕೀಲಿಕೈ ಹುಡುಕಬೇಕಾಗಿಲ್ಲ, ಜೊತೆಗೆ ಔಟ್‌ಲುಕ್ ಮತ್ತು ಆಪಲ್ ಮೇಲ್‌ನಂಥ ತಂತ್ರಾಂಶಗಳು ಅದನ್ನು ಮೊದಲಿನಿಂದಲೇ ಬಲ್ಲವು.

ಯಾವುದು ಮೇಲು ಎಂಬ ವಾದ ಹಳೆಯದು. ನನ್ನ ಅಭಿಪ್ರಾಯದಲ್ಲಿ ಆಯ್ಕೆಯನ್ನು ನಿಮ್ಮ ಇಷ್ಟಕ್ಕಿಂತ ಓದುವವರ ತಂತ್ರಾಂಶ ನಿರ್ಧರಿಸಬೇಕು: ನೀವು ಬರೆಯುವವರಲ್ಲಿ ಹೆಚ್ಚಿನವರು ಕಚೇರಿಯ ಔಟ್‌ಲುಕ್ ಬಳಸುವವರಾದರೆ ಎಸ್/ಮೈಮ್, ತಂತ್ರಾಂಶ ಅಭಿವೃದ್ಧಿಯಂಥ ಮುಕ್ತ ಸಮುದಾಯಗಳಲ್ಲಿ ಇರುವವರಾದರೆ ಓಪನ್‌ಪಿಜಿಪಿ. ಮುಂದಿನ ವಿವರಣೆ ಮುಖ್ಯವಾಗಿ ಓಪನ್‌ಪಿಜಿಪಿಯನ್ನು ಕುರಿತದ್ದು, ಏಕೆಂದರೆ ಶಿಷ್ಟಾಚಾರದ ಪ್ರಶ್ನೆಗಳು ಹೆಚ್ಚಾಗಿ ಏಳುವುದು ಅಲ್ಲಿಯೇ.

ಹಂತ 2: ಕೀಲಿಕೈಯನ್ನು ಸಿದ್ಧಪಡಿಸಿಕೊಳ್ಳಿ

ಥಂಡರ್‌ಬರ್ಡ್ ಎಂಬ ಇಮೇಲ್ ತಂತ್ರಾಂಶದಲ್ಲಿ 2020ರ 78ನೇ ಆವೃತ್ತಿಯ ಸರಣಿಯಿಂದ ಈಚೆಗೆ ಓಪನ್‌ಪಿಜಿಪಿ ಒಳಗೇ ಇದೆ. ಹಿಂದಿನಂತೆ ಎನಿಗ್‌ಮೇಲ್ ಎಂಬ ಸೇರ್ಪಡೆಯನ್ನು ಹಾಕಿಕೊಳ್ಳಬೇಕಾಗಿಲ್ಲ. ಖಾತೆಯ ಸೆಟ್ಟಿಂಗ್‌ಗಳಲ್ಲಿ ‘ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್’ ಎಂಬ ಭಾಗಕ್ಕೆ ಹೋಗಿ, ಹೊಸ ಕೀಲಿಕೈ ಸೇರಿಸುವ ಗುಂಡಿಯನ್ನು ಒತ್ತಿದರೆ ಕೆಲವು ಕ್ಷಣಗಳಲ್ಲಿ ಜೋಡಿ ತಯಾರಾಗುತ್ತದೆ. ಕಮಾಂಡ್ ಸಾಲಿನಲ್ಲಿ ಕೆಲಸ ಮಾಡುವವರು ಗ್ನೂಪಿಜಿ ಎಂಬ ಓಪನ್‌ಪಿಜಿಪಿ ತಂತ್ರಾಂಶವನ್ನು ಬಳಸಬಹುದು. ಇವೆರಡೂ ಕೀಲಿಕೈಗಳನ್ನು ಬೇರೆ ಬೇರೆ ಗೊಂಚಲುಗಳಲ್ಲಿ ಇಟ್ಟುಕೊಳ್ಳುವುದರಿಂದ, ಒಂದರಲ್ಲಿ ಮಾಡಿದ ಕೀಲಿಕೈ ಇನ್ನೊಂದರಲ್ಲಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ ಎಂಬುದು ನೆನಪಿರಲಿ.

ಅವಧಿಯನ್ನು ಒಂದೋ ಎರಡೋ ವರ್ಷಕ್ಕೆ ನಿಗದಿಪಡಿಸಿ. ಅವಧಿ ಮುಗಿಯುವ ಮೊದಲು ಅದೇ ಕೀಲಿಕೈಯ ಆಯುಸ್ಸನ್ನು ವಿಸ್ತರಿಸಬಹುದು, ಮುಗಿದ ಮೇಲೂ ವಿಸ್ತರಿಸಬಹುದು. ಅವಧಿಯೇ ಇಲ್ಲದ ಕೀಲಿಕೈಯನ್ನು ಮಾಡಿ, ಕೆಲವು ವರ್ಷಗಳ ಬಳಿಕ ಅದರ ಪಾಸ್‌ವರ್ಡ್ ಮರೆತರೆ, ಅದು ಸದಾಕಾಲ ಊರ್ಜಿತವಾಗಿ ಉಳಿದು ಇತರರನ್ನು ಗೊಂದಲಕ್ಕೆ ಕೆಡವುತ್ತದೆ. ಈ ಕಾರಣಕ್ಕಾಗಿಯೇ ಕೀಲಿಕೈ ಹುಟ್ಟಿದ ದಿನವೇ ಅದರ ರದ್ದತಿ ಪತ್ರವನ್ನೂ, ಅಂದರೆ ಆ ಕೀಲಿಕೈ ಇನ್ನು ಊರ್ಜಿತವಲ್ಲ ಎಂದು ಸಾರುವ ಪುಟ್ಟ ಕಡತವನ್ನೂ, ಬೇರೆಡೆ ಜೋಪಾನ ಮಾಡಬೇಕು. ಗ್ನೂಪಿಜಿಯ ಈಚಿನ ಆವೃತ್ತಿಗಳು ಅದನ್ನು ತಾವಾಗಿಯೇ ತಯಾರಿಸಿ ಒಂದು ಫೋಲ್ಡರ್‌ನಲ್ಲಿ ಇಡುತ್ತವೆ. ಥಂಡರ್‌ಬರ್ಡ್ ಬಳಸುವವರು ‘ಪ್ರೈಮರಿ ಪಾಸ್‌ವರ್ಡ್’ ಅನ್ನು ತಾವೇ ಹೊಂದಿಸಿಕೊಳ್ಳಬೇಕು. ಅದು ಕೇಳದೆ ಬರುವುದಿಲ್ಲ, ಅದಿಲ್ಲದಿದ್ದರೆ ನಿಮ್ಮ ಕಂಪ್ಯೂಟರ್ ಮುಂದೆ ಐದು ನಿಮಿಷ ಕುಳಿತವರು ನಿಮ್ಮ ಹೆಸರಿನಲ್ಲಿ ಸಹಿ ಮಾಡಿಬಿಡಬಹುದು.

ಹಂತ 3: ಸಹಿಯನ್ನು ಪಠ್ಯದೊಳಗೆ ತುರುಕಬೇಡಿ

ಓಪನ್‌ಪಿಜಿಪಿ ಸಹಿಯನ್ನು ಪತ್ರಕ್ಕೆ ಎರಡು ರೀತಿಯಲ್ಲಿ ಜೋಡಿಸಬಹುದು. ಹಳೆಯ ರೀತಿಯಲ್ಲಿ ಪಠ್ಯದ ಮೇಲೊಂದು ತಲೆಬರಹ, ಕೆಳಗೆ ಸಹಿಯ ಅಕ್ಷರರಾಶಿ, ಎಲ್ಲವೂ ಓದುವವರ ಕಣ್ಣೆದುರಿಗೇ ಇರುತ್ತವೆ. ಪಿಜಿಪಿ/ಮೈಮ್ ಎಂಬ ಇನ್ನೊಂದು ರೀತಿಯಲ್ಲಿ ಪಠ್ಯ ಶುದ್ಧವಾಗಿಯೇ ಉಳಿದು, ಸಹಿ ಪ್ರತ್ಯೇಕ ಭಾಗವಾಗಿ ಲಗತ್ತಾಗುತ್ತದೆ; ಇದರ ನಿಯಮಗಳು 2001ರ ಆರ್‌ಎಫ್‌ಸಿ 3156 ಎಂಬ ಅಂತರಜಾಲ ಮಾನದಂಡದ ದಾಖಲೆಯಲ್ಲಿವೆ. ಸಹಿಯನ್ನು ಬಲ್ಲ ತಂತ್ರಾಂಶ ಅದನ್ನು ಒಂದು ಸಣ್ಣ ಗುರುತಾಗಿ ತೋರಿಸುತ್ತದೆ, ಅರಿಯದ ತಂತ್ರಾಂಶ ಒಂದು ಲಗತ್ತಾಗಿ ತೋರಿಸಿ ಸುಮ್ಮನಾಗುತ್ತದೆ. ಎರಡು ದಶಕಗಳಿಂದ ಲಭ್ಯವಿರುವ ಈ ರೀತಿಯನ್ನು ಬಿಟ್ಟು ಹಳೆಯದನ್ನು ಹಿಡಿಯಲು ಇಂದು ಒಳ್ಳೆಯ ಕಾರಣವಿಲ್ಲ. ಲಗತ್ತುಗಳನ್ನೇ ತೆಗೆದುಹಾಕುವ ಗುಂಪು ವಿಳಾಸವೊಂದಕ್ಕೆ ಬರೆಯಲೇಬೇಕಾದಾಗ ಮಾತ್ರ ಅದು ಅನಿವಾರ್ಯವಾಗುತ್ತದೆ.

ಹಳೆಯ ರೀತಿ ಕಣ್ಣಿಗೆ ಕಿರಿಕಿರಿ ಮಾಡುವುದಷ್ಟೇ ಅಲ್ಲ, ಸುಲಭವಾಗಿ ಮುರಿಯುತ್ತದೆ ಕೂಡ. ಅಡ್ಡಗೆರೆಯಿಂದ ಶುರುವಾಗುವ ಪ್ರತಿ ಸಾಲಿನ ಮುಂದೆ ಅದು ಇನ್ನೊಂದು ಅಡ್ಡಗೆರೆಯನ್ನೂ ಖಾಲಿ ಜಾಗವನ್ನೂ ಸೇರಿಸುವುದರಿಂದ, ಪಟ್ಟಿಗಳು ವಿಚಿತ್ರವಾಗಿ ಕಾಣುತ್ತವೆ, ಹೆಸರು-ಹುದ್ದೆಯ ಸಾಲುಗಳನ್ನು ಬೇರ್ಪಡಿಸುವ ಎರಡು ಅಡ್ಡಗೆರೆಗಳು ತಮ್ಮ ಅರ್ಥವನ್ನೇ ಕಳೆದುಕೊಳ್ಳುತ್ತವೆ. ಉದ್ದ ಸಾಲುಗಳನ್ನು ದಾರಿಯಲ್ಲಿ ಯಾವುದೋ ಸರ್ವರ್ ಮಡಚಿದರೆ ಸಹಿ ಕೆಟ್ಟಿತು. ಪತ್ರ ಎಚ್‌ಟಿಎಂಎಲ್ ರೂಪದಲ್ಲಿದ್ದರಂತೂ ಬಣ್ಣ, ದಪ್ಪಕ್ಷರಗಳ ನಡುವೆ ಸಹಿ ಯಾವುದರ ಮೇಲೆ ಬಿದ್ದಿದೆ ಎಂಬುದೇ ತಿಳಿಯುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಈ ತೊಂದರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಅಕ್ಷರ ಚಿಹ್ನೆಗೂ 3 ಬೈಟ್‌ಗಳು ಬೇಕು. ‘ಕ್ಷಿ’ ಎಂಬ ಒಂದು ಒತ್ತಕ್ಷರದಲ್ಲಿ ಕಕಾರ, ವಿರಾಮ ಚಿಹ್ನೆ, ಷಕಾರ, ಗುಣಿತ ಎಂದು 4 ಚಿಹ್ನೆಗಳಿದ್ದು, ಅದು 12 ಬೈಟ್ ಆಗುತ್ತದೆ. ಜೊತೆಗೆ ‘ಇಮೇಲ್‌ಗೆ’ ಎಂಬಂಥ ಪದಗಳಲ್ಲಿ ‘ಲ್’ ಮತ್ತು ‘ಗೆ’ ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಕೀಲಿಮಣೆ ಸೇರಿಸಿರುತ್ತದೆ. ನಕಲಿಸಿ ಅಂಟಿಸುವಾಗಲೋ ಒಂದು ಎನ್‌ಕೋಡಿಂಗ್‌ನಿಂದ ಇನ್ನೊಂದಕ್ಕೆ ಹೋಗುವಾಗಲೋ ಆ ಚಿಹ್ನೆ ಉದುರಿಹೋದರೆ, ಓದುವವರಿಗೆ ಅದೊಂದು ಅಚ್ಚಿನ ದೋಷದಂತೆ ಕಂಡೀತು ಅಷ್ಟೇ, ಆದರೆ ಹ್ಯಾಶ್‌ಗೆ ಅದು ಬೇರೆಯೇ ಪತ್ರ. ಪಠ್ಯದೊಳಗಿನ ಸಹಿಯಲ್ಲಿ ಈ ಅಪಾಯ ನೇರವಾಗಿದೆ. ಪಿಜಿಪಿ/ಮೈಮ್ ಸಹಿ ಮಾಡುವ ಮೊದಲೇ ಪಠ್ಯವನ್ನು ದಾರಿಯಲ್ಲಿ ಯಾರೂ ಮುಟ್ಟಬೇಕಾಗದಂಥ 7 ಬಿಟ್‌ನ ಸರಳ ಅಕ್ಷರಗಳಿಗೆ ಪರಿವರ್ತಿಸಿಕೊಂಡು, ಆ ರೂಪದ ಮೇಲೆಯೇ ಸಹಿ ಹಾಕುವುದರಿಂದ, ಕನ್ನಡ ಪಠ್ಯ ಅಲ್ಲಿ ಸುರಕ್ಷಿತವಾಗಿ ತಲುಪುತ್ತದೆ.

ಹಂತ 4: ಪತ್ರ ಒಂಟಿಯಾಗಿ ನಿಂತರೂ ಅರ್ಥ ಬದಲಾಗದಂತೆ ಬರೆಯಿರಿ

ಸಹಿಯ ಬಗ್ಗೆ ತಾಂತ್ರಿಕವಾಗಿ ಬಲ್ಲವರೂ ಎಡವುವ ಜಾಗ ಇದು. ಸಹಿ ರಕ್ಷಿಸುವುದು ಪತ್ರದ ಒಡಲನ್ನು ಮಾತ್ರ. ‘ಗೆ’, ‘ಇಂದ’, ದಿನಾಂಕ, ವಿಷಯ ಸಾಲು ಮುಂತಾದ ತಲೆಪಟ್ಟಿಯ ವಿವರಗಳು ಸಾಂಪ್ರದಾಯಿಕ ಸಹಿಯ ವ್ಯಾಪ್ತಿಗೆ ಬರುವುದೇ ಇಲ್ಲ. ಅವನ್ನೂ ಒಳಗೊಳ್ಳುವ ವ್ಯವಸ್ಥೆ ಕೆಲವು ಹೊಸ ತಂತ್ರಾಂಶಗಳಲ್ಲಿ ಇದೆಯಾದರೂ, ಪಡೆದವರ ತಂತ್ರಾಂಶವೂ ಅದನ್ನು ಬಲ್ಲದು ಎಂದು ನೆಚ್ಚಿಕೊಳ್ಳುವಂತಿಲ್ಲ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡೋಣ. ಕಾರ್ಯಕಾರಿ ಸಮಿತಿಯೊಂದರಲ್ಲಿ ‘ಸಭೆಯನ್ನು ಒಂದು ವಾರ ಮುಂದಕ್ಕೆ ಹಾಕೋಣವೇ?’ ಎಂಬ ವಿಷಯ ಸಾಲಿನ ಪತ್ರಕ್ಕೆ ನೀವು ‘ಹೌದು, ನನ್ನ ಪೂರ್ಣ ಒಪ್ಪಿಗೆ ಇದೆ’ ಎಂದಷ್ಟೇ ಬರೆದು ಸಹಿ ಮಾಡುತ್ತೀರಿ. ಮೂರು ತಿಂಗಳ ಬಳಿಕ ಯಾರೋ ಒಬ್ಬರು ಆ ಒಡಲನ್ನೂ ಸಹಿಯನ್ನೂ ಹಾಗೆಯೇ ಎತ್ತಿಕೊಂಡು, ‘ಖಜಾಂಚಿಯನ್ನು ತೆಗೆದುಹಾಕುವ ಪ್ರಸ್ತಾಪ’ ಎಂಬ ವಿಷಯ ಸಾಲಿನಡಿ ಇತರ ಸದಸ್ಯರಿಗೆ ಕಳುಹಿಸಿದರೆ, ಅವರ ತಂತ್ರಾಂಶ ‘ಸಹಿ ಸರಿಯಾಗಿದೆ’ ಎಂದೇ ಹೇಳುತ್ತದೆ, ಏಕೆಂದರೆ ಸಹಿ ನಿಜಕ್ಕೂ ಸರಿಯಾಗಿಯೇ ಇದೆ. ಸಹಿಯೊಳಗೆ ದಾಖಲಾಗಿರುವ ಸಮಯವನ್ನು ತೆರೆದು ನೋಡಿದವರಿಗೆ ಅನುಮಾನ ಬಂದೀತು, ಆದರೆ ಹಾಗೆ ನೋಡುವವರು ಕಡಿಮೆ. ಆ ಸಮಯವೂ ಸಹಿ ಮಾಡಿದವರ ಕಂಪ್ಯೂಟರಿನ ಗಡಿಯಾರ ಹೇಳಿದ್ದೇ ಆಗಿರುವುದರಿಂದ, ಯಾವಾಗ ಸಹಿ ಆಯಿತು ಎಂಬುದಕ್ಕೆ ಅದು ಗಟ್ಟಿಯಾದ ಪುರಾವೆಯಲ್ಲ.

ಆದ್ದರಿಂದ ಸಹಿ ಮಾಡುವ ಪತ್ರದ ಒಡಲಿನಲ್ಲಿಯೇ ಮೂರು ಸಂಗತಿಗಳು ಇರಬೇಕು: ಯಾರಿಗೆ ಬರೆಯುತ್ತಿದ್ದೀರಿ, ಯಾವ ವಿಷಯದ ಬಗ್ಗೆ, ಯಾವ ದಿನ. ‘ಹೌದು’ ಎನ್ನುವ ಬದಲು ‘ಕಾರ್ಯಕಾರಿ ಸಮಿತಿಯ ಸದಸ್ಯರಿಗೆ: ಮುಂದಿನ ಸಭೆಯನ್ನು 14ರಿಂದ 21ಕ್ಕೆ ಮುಂದೂಡುವ ಪ್ರಸ್ತಾಪಕ್ಕೆ ನನ್ನ ಒಪ್ಪಿಗೆ ಇದೆ’ ಎಂದು ಬರೆದು, ಕೆಳಗೆ ತಾರೀಖು ಹಾಕಿದರೆ, ಆ ಸಹಿಯನ್ನು ಇನ್ನೆಲ್ಲಿಗೂ ಒಯ್ದು ದುರ್ಬಳಕೆ ಮಾಡಲಾಗದು. ಹಿಂದಿನ ಕಾಲದ ಕಾಗದಗಳಲ್ಲಿ ಒಕ್ಕಣೆ, ಸ್ಥಳ, ತಾರೀಖು, ವಿಷಯ ಎಲ್ಲವೂ ಹಾಳೆಯ ಮೇಲೆಯೇ ಇದ್ದು, ಸಹಿ ಅವೆಲ್ಲದರ ಕೆಳಗೆ ಬೀಳುತ್ತಿತ್ತು. ಇಮೇಲ್ ಅವನ್ನು ಒಡಲಿನಿಂದ ತೆಗೆದು ತಲೆಪಟ್ಟಿಗೆ ಸಾಗಿಸಿದ್ದರಿಂದಲೇ ಈ ಬಿರುಕು ಉಂಟಾಗಿದೆ. ಅಡಕವಾಗಿ ಬರೆಯುವುದು ಒಳ್ಳೆಯ ಗುಣವೇ, ಆದರೆ ಸಹಿ ಮಾಡುವ ಪತ್ರದಲ್ಲಿ ಒಂದು ಸಾಲು ಹೆಚ್ಚಾದರೂ ಚಿಂತೆಯಿಲ್ಲ.

ಹಂತ 5: ಯಾವುದಕ್ಕೆ ಸಹಿ, ಯಾವುದಕ್ಕೆ ಬೇಡ

ಎಲ್ಲ ಪತ್ರಗಳಿಗೂ ಸಹಿ ಮಾಡಬೇಕೆನ್ನುವವರ ವಾದ ಹೀಗಿದೆ: ಸದಾ ಸಹಿ ಮಾಡುವವರ ಹೆಸರಿನಲ್ಲಿ ಸಹಿಯಿಲ್ಲದ ಪತ್ರವೊಂದು ಬಂದರೆ ಜನ ಕೂಡಲೇ ಅನುಮಾನಪಡುತ್ತಾರೆ, ಮೋಸಗಾರನ ದಾರಿ ಮುಚ್ಚುತ್ತದೆ. ಕಾಗದದ ಮೇಲೆ ಇದು ಸರಿ. ಆದರೆ ಫೋನ್‌ನಿಂದ ಅವಸರದಲ್ಲಿ ಕೊಟ್ಟ ಉತ್ತರಕ್ಕೆ ಸಹಿ ಇರುವುದಿಲ್ಲ, ಬೇರೆ ಕಂಪ್ಯೂಟರಿನಿಂದ ಬರೆದದ್ದಕ್ಕೂ ಇರುವುದಿಲ್ಲ, ಹೀಗೆ ಸದಾ ಎಂಬುದು ಆಗಾಗ ಎಂದಾಗುತ್ತದೆ. ಹಾಗೆಂದು ಖಾಸಗಿ ಕೀಲಿಕೈಯನ್ನು ಕೈಯಲ್ಲಿರುವ ಎಲ್ಲ ಸಾಧನಗಳಿಗೂ ನಕಲಿಸುತ್ತ ಹೋದರೆ ಅದರ ಬೆಲೆಯೇ ಇಳಿಯುತ್ತದೆ.

ನಾನು ಹಿಡಿಯುವ ಮಾರ್ಗ ನಡುವಿನದು. ನಿಮ್ಮ ಮಾತನ್ನು ನಂಬಿ ಇತರರು ಏನಾದರೂ ಮಾಡಲಿದ್ದರೆ ಆ ಪತ್ರಕ್ಕೆ ಸಹಿ ಬೇಕು: ತಂತ್ರಾಂಶದ ಹೊಸ ಆವೃತ್ತಿಯ ಘೋಷಣೆ, ಭದ್ರತಾ ಎಚ್ಚರಿಕೆ, ಮತದಾನ, ಹಣ ಪಾವತಿಯ ಸೂಚನೆ, ವಿಳಾಸ ಅಥವಾ ಕೀಲಿಕೈಯ ಬದಲಾವಣೆ. ‘ಧನ್ಯವಾದ’, ‘ನಾಳೆ ನೋಡೋಣ’ ಎಂಬ ಪತ್ರಗಳಿಗೆ ಬೇಡ. ಎಲ್ಲಕ್ಕೂ ಸಹಿ ಮಾಡುವುದು ರೂಢಿಯಾಗಿರುವ ಗುಂಪಿನಲ್ಲಿದ್ದರೆ ಆ ರೂಢಿಯನ್ನು ಅನುಸರಿಸಿ. ಸಹಿಗಳನ್ನು ಬೇಡವೆಂದ ಗುಂಪಿನಲ್ಲಿ ಹಠ ಹಿಡಿಯಬೇಡಿ. ಸಹಿ ಮಾಡಿದ ಮಾತನ್ನು ‘ನಾನು ಹೇಳಿಲ್ಲ’ ಎಂದು ಹಿಂತೆಗೆದುಕೊಳ್ಳುವುದು ಬಹಳ ಕಷ್ಟ ಎಂಬುದನ್ನೂ ಮರೆಯುವಂತಿಲ್ಲ. ಸಿಟ್ಟಿನಲ್ಲಿ ಬರೆದ ಉತ್ತರಕ್ಕೆ ಕೈತಪ್ಪಿ ಬಿದ್ದ ಸಹಿ, ವರ್ಷಗಳ ನಂತರವೂ ಅದು ನಿಮ್ಮದೇ ಎಂದು ಸಾರುತ್ತಿರುತ್ತದೆ.

ಕಳುಹಿಸುವ ಮೊದಲು ಒಂದು ಪರೀಕ್ಷೆ ಅಗತ್ಯ. ನಿಮ್ಮದೇ ಇನ್ನೊಂದು ವಿಳಾಸಕ್ಕೆ ಸಹಿ ಮಾಡಿದ ಪತ್ರ ಕಳುಹಿಸಿ, ಅಲ್ಲಿ ಸಹಿ ಸರಿಬರುವುದನ್ನು ನೋಡಿ, ಬಳಿಕವೇ ಹತ್ತು ಜನರಿಗೆ ಕಳುಹಿಸಿ. ಗುಂಪು ವಿಳಾಸವಾದರೆ ಮೊದಲ ಪತ್ರ ನಿಮಗೇ ಮರಳಿ ಬಂದಾಗ ಅದನ್ನೂ ಪರಿಶೀಲಿಸಿ.

ಹಂತ 6: ಬಹಿರಂಗ ಕೀಲಿಕೈ ಸಿಗುವಂತೆ ಮಾಡಿ, ಆದರೆ ಎರಚಬೇಡಿ

ಬಹಿರಂಗ ಕೀಲಿಕೈ ಎಲ್ಲಿದೆ ಎಂದು ಹೇಳದೆ ಸಹಿ ಮಾಡುವುದು, ಬೀಗ ಹಾಕಿದ ಪೆಟ್ಟಿಗೆಯನ್ನು ಉಡುಗೊರೆಯಾಗಿ ಕೊಟ್ಟಂತೆ. ಹಾಗೆಂದು ಪ್ರತಿ ಪತ್ರಕ್ಕೂ ಅದನ್ನು ಲಗತ್ತಿಸುವುದೂ ಸರಿಯಲ್ಲ. ಎಡ್25519 ಬಗೆಯ ಸಹಿಯ ತಿರುಳು 64 ಬೈಟ್, 4096 ಬಿಟ್‌ನ ಆರ್‌ಎಸ್‌ಎ ಸಹಿಯ ತಿರುಳು 512 ಬೈಟ್. ಆದರೆ ಬಹಿರಂಗ ಕೀಲಿಕೈಯ ಕಡತ ಅದಕ್ಕಿಂತ ಹಲವು ಪಟ್ಟು ದೊಡ್ಡದು, ಅದರ ಮೇಲೆ ಇತರರ ಪ್ರಮಾಣೀಕರಣಗಳು, ಅಂದರೆ ‘ಈ ಕೀಲಿಕೈ ಇವರದೇ’ ಎಂದು ಅವರು ಹಾಕಿದ ಸಹಿಗಳು, ಸೇರಿದಷ್ಟೂ ಬೆಳೆಯುತ್ತದೆ. ಥಂಡರ್‌ಬರ್ಡ್‌ನಲ್ಲಿ ಸಹಿ ಮಾಡಿದಾಗಲೆಲ್ಲ ಬಹಿರಂಗ ಕೀಲಿಕೈಯನ್ನೂ ಲಗತ್ತಿಸುವ ಆಯ್ಕೆ ಮೊದಲಿನಿಂದಲೇ ಚಾಲ್ತಿಯಲ್ಲಿರುತ್ತದೆ. ಒಬ್ಬರಿಗೆ ಮೊದಲ ಬಾರಿ ಬರೆಯುವಾಗ ಅದು ಉಪಕಾರ. ನೂರು ಮಂದಿಗೆ ನೂರನೆಯ ಬಾರಿ ಬರೆಯುವಾಗ ಅಲ್ಲ. ಖಾತೆಯ ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸಿ.

ಬದಲಿಗೆ ಕೀಲಿಕೈಯನ್ನು ಹುಡುಕಿದರೆ ಸಿಗುವ ಜಾಗದಲ್ಲಿ ಇಡಿ. 2019ರಲ್ಲಿ ಆರಂಭವಾದ ಕೀಸ್ ಡಾಟ್ ಓಪನ್‌ಪಿಜಿಪಿ ಡಾಟ್ ಆರ್ಗ್ ಎಂಬ ಸರ್ವರ್, ಇಮೇಲ್ ವಿಳಾಸದ ಒಡೆಯರೇ ಒಪ್ಪಿಗೆ ಕೊಟ್ಟ ಮೇಲಷ್ಟೇ ಆ ವಿಳಾಸದ ಹುಡುಕಾಟಕ್ಕೆ ಕೀಲಿಕೈಯನ್ನು ತೋರಿಸುತ್ತದೆ. ಸ್ವಂತ ಡೊಮೈನ್ ಇರುವವರು ವೆಬ್ ಕೀ ಡೈರೆಕ್ಟರಿ ಎಂಬ ವ್ಯವಸ್ಥೆಯ ಮೂಲಕ ತಮ್ಮ ಜಾಲತಾಣದಿಂದಲೇ ಅದನ್ನು ಹಂಚಬಹುದು. ಹೆಸರು-ಹುದ್ದೆಯ ಸಾಲುಗಳ ಕೆಳಗೆ ಕೀಲಿಕೈಯ ಬೆರಳಗುರುತನ್ನು, ಅಂದರೆ ಕೀಲಿಕೈಯಿಂದಲೇ ಲೆಕ್ಕ ಹಾಕಿದ ಫಿಂಗರ್‌ಪ್ರಿಂಟ್ ಎಂಬ ಗುರುತನ್ನು, ಪೂರ್ತಿಯಾಗಿ ಒಂದು ಸಾಲಿನಲ್ಲಿ ಕೊಟ್ಟರೆ ಸಾಕು. ಇಂದು ಹೆಚ್ಚು ಬಳಕೆಯಲ್ಲಿರುವ ಕೀಲಿಕೈಗಳಲ್ಲಿ ಇದು 40 ಅಂಕಿ-ಅಕ್ಷರಗಳಷ್ಟು ಉದ್ದ. ಕೊನೆಯ 8 ಅನ್ನು ಮಾತ್ರ ಕೊಡುವ ಹಳೆಯ ಅಭ್ಯಾಸವನ್ನು ಬಿಡಬೇಕು: 8 ಅಂಕಿ-ಅಕ್ಷರಗಳೆಂದರೆ 32 ಬಿಟ್, ಸುಮಾರು 430 ಕೋಟಿ ಸಾಧ್ಯತೆಗಳು. ಮನುಷ್ಯರಿಗೆ ಅದು ದೊಡ್ಡ ಸಂಖ್ಯೆ, ಆದರೆ ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಒಂದು ಅದೇ 8 ಅಂಕಿ-ಅಕ್ಷರಗಳುಳ್ಳ ಬೇರೊಂದು ಕೀಲಿಕೈಯನ್ನು ಸೆಕೆಂಡುಗಳಲ್ಲಿ ತಯಾರಿಸಬಲ್ಲದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಮರ್ಯಾದೆಯ ಮಾತಿದೆ. ಬೇರೆಯವರ ಕೀಲಿಕೈಯನ್ನು ಅವರನ್ನು ಕೇಳದೆ ಸರ್ವರ್‌ಗೆ ಏರಿಸಬಾರದು. ನೀವು ಅವರ ಗುರುತನ್ನು ಪರಿಶೀಲಿಸಿ ಕೀಲಿಕೈಯನ್ನು ಪ್ರಮಾಣೀಕರಿಸಿದ್ದರೆ, ಆ ಪ್ರತಿಯನ್ನು ಅವರಿಗೇ ಎನ್‌ಕ್ರಿಪ್ಟ್ ಮಾಡಿ ಕಳುಹಿಸಿ; ಪ್ರಕಟಿಸುವುದು ಬಿಡುವುದು ಅವರ ಇಚ್ಛೆ. ಯಾರು ಬೇಕಾದರೂ ಯಾರ ಕೀಲಿಕೈಗಾದರೂ ಪ್ರಮಾಣೀಕರಣ ಸೇರಿಸಬಹುದಾಗಿದ್ದ ಹಳೆಯ ಸರ್ವರ್ ಜಾಲದಲ್ಲಿ, 2019ರಲ್ಲಿ ಕೆಲವರ ಕೀಲಿಕೈಗಳ ಮೇಲೆ ಸುಮಾರು ಒಂದೂವರೆ ಲಕ್ಷ ಕಸದ ಪ್ರಮಾಣೀಕರಣಗಳನ್ನು ದುರುದ್ದೇಶದಿಂದ ಸುರಿಯಲಾಯಿತು, ಅವನ್ನು ಇಳಿಸಿಕೊಂಡವರ ಗ್ನೂಪಿಜಿ ಸ್ತಬ್ಧವಾಗುತ್ತಿತ್ತು. ಹೊಸ ಸರ್ವರ್‌ಗಳು ಒಪ್ಪಿಗೆ ಕೇಳುವುದರ ಹಿಂದೆ ಈ ಪಾಠವೂ ಇದೆ.

ಹಂತ 7: ಸಹಿ ಮಾಡಿದ ಪತ್ರಕ್ಕೆ ಉತ್ತರಿಸುವಾಗ

ಪಠ್ಯದೊಳಗಿನ ಸಹಿ ಇರುವ ಪತ್ರಕ್ಕೆ ಉತ್ತರಿಸುವಾಗ, ಆ ಅಕ್ಷರರಾಶಿಯನ್ನೂ ಅದರ ತಲೆಬರಹವನ್ನೂ ಉಲ್ಲೇಖದಿಂದ ಅಳಿಸಿ. ಪ್ರತಿ ಸಾಲಿನ ಮುಂದೆ ಉಲ್ಲೇಖದ ಗುರುತು ಬಿದ್ದ ಮೇಲೆ ಆ ಸಹಿಗೆ ಯಾವ ಬೆಲೆಯೂ ಉಳಿದಿರುವುದಿಲ್ಲ. ಉತ್ತರಕ್ಕೆ ನೀವೂ ಸಹಿ ಮಾಡುತ್ತಿದ್ದರೆ, ನಿಮ್ಮ ಸಹಿ ಉಲ್ಲೇಖಿತ ಮಾತುಗಳನ್ನೂ ಒಳಗೊಳ್ಳುತ್ತದೆ ಎಂಬ ಎಚ್ಚರವಿರಲಿ: ಅವರು ನಿಜಕ್ಕೂ ಹಾಗೆ ಬರೆದಿದ್ದರು ಎಂಬುದಕ್ಕೆ ಅದು ಸಾಕ್ಷಿಯಲ್ಲ, ಆದರೆ ನೀವು ಹಾಗೆ ಉಲ್ಲೇಖಿಸಿದಿರಿ ಎಂಬುದಕ್ಕೆ ಸಾಕ್ಷಿ. ಬೇಕಾದ ಸಾಲುಗಳನ್ನಷ್ಟೇ ಉಳಿಸಿಕೊಳ್ಳಿ. ಇನ್ನೊಬ್ಬರ ಸಹಿಯನ್ನು ಮೂರನೆಯವರು ಪರಿಶೀಲಿಸಬೇಕಾದಾಗ ಪತ್ರವನ್ನು ಇಡಿಯಾಗಿ ಲಗತ್ತಾಗಿ ಕಳುಹಿಸಬೇಕೇ ಹೊರತು ಸಾಮಾನ್ಯ ಫಾರ್ವರ್ಡ್ ಮಾಡಬಾರದು, ಅದು ಪಠ್ಯವನ್ನು ಮರುರೂಪಿಸಿಬಿಡುತ್ತದೆ.

ಹಂತ 8: ಇತರರ ಸಹಿ ಸರಿಬಾರದಿದ್ದರೆ

ತಂತ್ರಾಂಶ ತೋರಿಸುವ ಎಚ್ಚರಿಕೆಯನ್ನು ಪೂರ್ತಿ ಓದಿ. ‘ಕೀಲಿಕೈ ಸಿಗಲಿಲ್ಲ’ ಎಂದರೆ ಸಹಿಯ ಬಗ್ಗೆ ಏನೂ ಗೊತ್ತಿಲ್ಲ ಎಂದಷ್ಟೇ ಅರ್ಥ. ‘ಸಹಿ ಸರಿಯಿದೆ, ಕೀಲಿಕೈಯನ್ನು ನೀವಿನ್ನೂ ಒಪ್ಪಿಲ್ಲ’ ಎಂದರೆ ಗಣಿತ ಕೂಡಿಬಂದಿದೆ, ಆದರೆ ಕೀಲಿಕೈ ಅವರದೇ ಎಂದು ನೀವು ಖಚಿತಪಡಿಸಿಕೊಂಡಿಲ್ಲ. ಆಗ ಅವರ ಪರಿಚಿತ ಧ್ವನಿಯಲ್ಲಿ ಫೋನ್ ಮೂಲಕ ಬೆರಳಗುರುತನ್ನು ನಾಲ್ಕು ನಾಲ್ಕಾಗಿ ಹತ್ತು ಗುಂಪುಗಳಲ್ಲಿ ಓದಿಸಿಕೊಂಡು ಹೋಲಿಸಬೇಕು. ಬೆರಳಗುರುತನ್ನು ಅದೇ ಇಮೇಲ್‌ನಲ್ಲಿ ಕೇಳಿ ಹೋಲಿಸುವುದರಿಂದ ಪ್ರಯೋಜನವಿಲ್ಲ: ಪತ್ರವನ್ನು ನಕಲಿ ಮಾಡಿದವನು ಬೆರಳಗುರುತನ್ನೂ ನಕಲಿ ಮಾಡಬಲ್ಲ.

‘ಸಹಿ ಕೆಟ್ಟಿದೆ’ ಎಂದು ಬಂದರೂ ಕೂಡಲೇ ವಂಚನೆಯ ಮಾತೆತ್ತಬೇಡಿ, ಅದರಲ್ಲೂ ಎಲ್ಲರೂ ಓದುವ ಉತ್ತರದಲ್ಲಿ. ‘ವೈರಸ್ ತಪಾಸಣೆ ಮಾಡಲಾಗಿದೆ’ ಎಂಬ ಸಾಲನ್ನು ಪತ್ರದ ಕೊನೆಗೆ ಅಂಟಿಸುವ ತಂತ್ರಾಂಶ, ‘ಸಂಸ್ಥೆಯ ಹೊರಗಿನಿಂದ ಬಂದದ್ದು’ ಎಂದು ಮೇಲ್ಭಾಗದಲ್ಲಿ ಸೇರಿಸುವ ಸರ್ವರ್, ಗುಂಪಿನ ವಿಳಾಸ ಸೇರಿಸುವ ಅಡಿಟಿಪ್ಪಣಿ, ಇವುಗಳಲ್ಲಿ ಯಾವುದಾದರೂ ಸಹಿಯನ್ನು ಕೆಡಿಸಬಲ್ಲದು. ಸಾಲೊಂದು ಇಂಗ್ಲಿಷಿನ ‘ಫ್ರಮ್’ ಎಂಬ ಪದದಿಂದ ಶುರುವಾದರೆ ಅದರ ಮುಂದೆ ತಾವಾಗಿ ಒಂದು ಗುರುತು ಹಾಕುವ ಹಳೆಯ ಮೇಲ್ ವ್ಯವಸ್ಥೆಗಳೂ ಉಂಟು. ಕಳುಹಿಸಿದವರಿಗೆ ಮಾತ್ರ ಕಾಣುವಂತೆ, ಯಾವ ತಂತ್ರಾಂಶದಲ್ಲಿ ಏನು ಸಂದೇಶ ಬಂತು ಎಂಬುದನ್ನು ತಿಳಿಸಿ. ಅವರ ಬೇರೆ ಪತ್ರಗಳ ಸಹಿಯೂ ಹೀಗೆಯೇ ಕೆಡುತ್ತಿದೆಯೇ ಎಂದು ನೋಡಿ ಹೇಳಿದರೆ ಇನ್ನೂ ಒಳ್ಳೆಯದು. ಗುಂಪು ವಿಳಾಸದ ಮೇಲ್ವಿಚಾರಣೆ ನಿಮ್ಮದಾಗಿದ್ದರೆ, ಅಡಿಟಿಪ್ಪಣಿ ಸೇರಿಸುವುದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಸುಲಭದ ಪರಿಹಾರ. ಪತ್ರ ಹಣಕ್ಕೋ ಪಾಸ್‌ವರ್ಡ್‌ಗೋ ಸಂಬಂಧಿಸಿದ್ದರೆ ಮಾತ್ರ ಸೌಜನ್ಯಕ್ಕಿಂತ ಮೊದಲು ಕೆಲಸ ನಿಲ್ಲಿಸಿ, ಬೇರೆ ದಾರಿಯಿಂದ ಅವರನ್ನು ಸಂಪರ್ಕಿಸಿ.

ಹಂತ 9: ಕೀಲಿಕೈ ಬದಲಾದಾಗ, ಕಳೆದಾಗ

ಅವಧಿ ಮುಗಿಯುವುದಕ್ಕೆ ಒಂದು ತಿಂಗಳ ಮುಂಚೆಯೇ ವಿಸ್ತರಿಸಿ, ಹೊಸ ಪ್ರತಿಯನ್ನು ಸರ್ವರ್‌ಗೆ ಏರಿಸಿ. ವಿಸ್ತರಣೆ ನಿಮ್ಮ ಕಂಪ್ಯೂಟರಿನಲ್ಲಿ ಮಾತ್ರ ಉಳಿದರೆ ಇತರರಿಗೆ ನಿಮ್ಮ ಕೀಲಿಕೈ ಸತ್ತಂತೆಯೇ ಕಾಣುತ್ತದೆ. ಬೇರೆ ಕೀಲಿಕೈಗೆ ಹೋಗುತ್ತಿದ್ದರೆ, ಎರಡರ ಬೆರಳಗುರುತುಗಳನ್ನೂ ಬದಲಾವಣೆಯ ತಾರೀಖನ್ನೂ ಬರೆದ ಒಂದು ಸಣ್ಣ ಪ್ರಕಟಣೆಗೆ ಹಳೆಯ ಮತ್ತು ಹೊಸ ಕೀಲಿಕೈಗಳೆರಡರಿಂದಲೂ ಸಹಿ ಮಾಡಿ. ಗ್ನೂಪಿಜಿ ಒಂದೇ ಪಠ್ಯಕ್ಕೆ ಎರಡು ಸಹಿಗಳನ್ನು ಮಾಡಲು ಬಿಡುತ್ತದೆ. ಹೊಸದರ ಸಹಿ ಮಾತ್ರ ಇರುವ ಪ್ರಕಟಣೆಯನ್ನು ಯಾರು ಬೇಕಾದರೂ ನಿಮ್ಮ ಹೆಸರಿನಲ್ಲಿ ಬರೆಯಬಹುದಷ್ಟೆ.

ಖಾಸಗಿ ಕೀಲಿಕೈ ಕಳ್ಳತನವಾಗಿದೆ ಎಂಬ ಅನುಮಾನ ಬಂದರೆ, ಜೋಪಾನವಾಗಿಟ್ಟ ರದ್ದತಿ ಪತ್ರವನ್ನು ಅಂದೇ ಬಳಸಿ, ರದ್ದಾದ ಕೀಲಿಕೈಯನ್ನು ಸರ್ವರ್‌ಗೆ ಏರಿಸಿ, ನಿಮ್ಮ ಸಹಿಯನ್ನು ನೆಚ್ಚಿಕೊಂಡವರಿಗೆ ಕಳವಿನ ಅಂದಾಜು ದಿನವನ್ನು ತಿಳಿಸಿ, ಏಕೆಂದರೆ ಸಹಿಯೊಳಗಿನ ಸಮಯವನ್ನು ಕಳ್ಳ ಹಿಂದಕ್ಕೆ ತಿರುಗಿಸಬಲ್ಲ. ರದ್ದಾದ ಬಹಿರಂಗ ಕೀಲಿಕೈಯನ್ನು ಸರ್ವರ್‌ನಿಂದ ತೆಗೆಸಲು ಹೋಗಬೇಡಿ: ಅದು ಅಲ್ಲಿ ಇಲ್ಲದಿದ್ದರೆ, ಹಳೆಯ ಪ್ರತಿಯನ್ನು ಇಟ್ಟುಕೊಂಡವರಿಗೆ ಅದು ರದ್ದಾದ ಸುದ್ದಿಯೇ ತಲುಪುವುದಿಲ್ಲ.